ಮೂಲಪಾಠವೂ ಜೀರ್ಣೋದ್ಧಾರವೂ: ‘ಔಟ್ ರನ್’ ಕ್ರೀಡೆಯ ಪರಿಷ್ಕೃತ ಪ್ರಕಟಣೆಯನ್ನು ಕುರಿತು

೧

ಹಳೆಯ ಕೃತಿಯೊಂದನ್ನು ಹೊಸ ಕಾಲದವರ ಕೈಗೆ ಒಪ್ಪಿಸುವುದು ಹೇಗೆಂಬ ಪ್ರಶ್ನೆ ಕನ್ನಡ ವಿದ್ವತ್ತಿಗೆ ಹೊಸದಲ್ಲ. ಓಲೆಗರಿಯ ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಲಿಪಿಕಾರರ ಸ್ಖಾಲಿತ್ಯಗಳನ್ನು ತೊಲಗಿಸಿ, ಕವಿಯ ಪಾಠವನ್ನು ನಿರ್ಣಯಿಸುವ ಶಾಸ್ತ್ರ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ ೧೯೬೪ರಲ್ಲಿ ಪ್ರಕಟವಾದಮೇಲೆ ಅದರ ನಿಯಮಗಳು ವಿದ್ಯಾರ್ಥಿಗಳಿಗೂ ಸುಲಭವಾಗಿ ದೊರೆಯುವಂತಾದುವು. ಆದರೆ ಆ ನಿಯಮಗಳು ಕಾವ್ಯಕ್ಕೂ ಶಾಸನಕ್ಕೂ ಮಾತ್ರ ಮೀಸಲಾದುವೆಂದು ನಾವು ತಿಳಿದುಬಿಟ್ಟಿರುವಂತೆ ತೋರುತ್ತದೆ. ಯಂತ್ರದಲ್ಲಿ ಬರೆದ ಕೃತಿಗಳೂ ಹಳೆಯವಾಗುತ್ತವೆ. ಅವುಗಳಿಗೂ ಪ್ರತಿಗಳಿವೆ, ಪಾಠಾಂತರಗಳಿವೆ, ಪ್ರಕ್ಷೇಪಗಳಿವೆ. ಅಂತಹ ಒಂದು ಕೃತಿಯನ್ನು ತೆಗೆದುಕೊಂಡು, ಅದರ ಪುನಃಪ್ರಕಟಣೆ ಎಷ್ಟರಮಟ್ಟಿಗೆ ಸಂಪಾದನೆಯೆನಿಸುತ್ತದೆ, ಎಷ್ಟರಮಟ್ಟಿಗೆ ಸುಣ್ಣ ಬಳಿಯುವ ಕೆಲಸವಾಗಿದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಯೋಚನೆಗೆ ಕಾರಣನಾದವನು ಬಳಗಾನೂರಿನ ಒಬ್ಬ ವಿದ್ಯಾರ್ಥಿ. ಮಸ್ಕಿಯ ಶಾಸನವನ್ನು ಕುರಿತು ತರಗತಿಯಲ್ಲಿ ಪಾಠ ನಡೆಯುತ್ತಿದ್ದಿತು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ ಕಣ್ಣಿಗೆ ಬಿದ್ದು, ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳಿಂದ ಪ್ರಕಟಿತವಾದ ಆ ಶಾಸನ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರನ್ನೂ ಹೇಳಿ ಇತಿಹಾಸದ ಒಂದು ದೊಡ್ಡ ಸಂದೇಹವನ್ನು ಪರಿಹರಿಸಿತೆಂಬುದು ಸುವಿದಿತವಾಗಿದೆ. ಸವೆದ ಅಕ್ಷರಗಳನ್ನು ಸವೆದಂತೆಯೇ ಉಳಿಸಬೇಕಾದುದೇಕೆಂದು ನಾನು ವಿವರಿಸುತ್ತಿರುವಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಹೊಸಾದು ಚೊಲೊ ಇದ್ದಾಗ ಹಳೇದು ಯಾಕ ಬೇಕ್ರೀ ಸರ್?” ಎಂದು ಕೇಳಿದನು. ಅವನು ಉದಾಹರಣೆಯಾಗಿ ಹೇಳಿದುದು ಶಾಸನವನ್ನಲ್ಲ, ಮೊಬೈಲಿನಲ್ಲಿ ತಾನು ಆಡುವ ಕಾರಿನ ಆಟವನ್ನು. ಪ್ರಶ್ನೆ ಪ್ರಾಮಾಣಿಕವಾಗಿದ್ದಿತು. ಅದಕ್ಕೆ ಅವನ ಉದಾಹರಣೆಯಿಂದಲೇ ಉತ್ತರ ಹೇಳುವುದು ಉಚಿತವೆಂದು ನನಗೆ ತೋರಿತು.

೨

ಇಲ್ಲಿ ಪರಿಶೀಲನೆಗೆ ಆರಿಸಿಕೊಂಡಿರುವ ಕೃತಿ ‘ಔಟ್ ರನ್’. ಜಪಾನಿನ ಸೆಗಾ ಸಂಸ್ಥೆ ಇದನ್ನು ೧೯೮೬ರಲ್ಲಿ ಆರ್ಕೇಡ್‌ಗಳಿಗಾಗಿ, ಎಂದರೆ ನಾಣ್ಯ ಹಾಕಿ ಆಡುವ ಯಂತ್ರಶಾಲೆಗಳಿಗಾಗಿ, ಹೊರತಂದಿತು. ರಚಿಸಿದವರು ಯು ಸುಜುಕಿ. ಸಂಗೀತ ಹಿರೋಷಿ ಕವಾಗುಚಿಯವರದು. ಸುಜುಕಿಯವರು ಅದಕ್ಕೆ ಹಿಂದಿನ ವರ್ಷವೇ ‘ಹ್ಯಾಂಗ್ ಆನ್’, ‘ಸ್ಪೇಸ್ ಹ್ಯಾರಿಯರ್’ ಎಂಬ ಎರಡು ಆಟಗಳಿಂದ ಹೆಸರು ಪಡೆದಿದ್ದರು. ೧೯೮೧ರ ‘ಕ್ಯಾನನ್‌ಬಾಲ್ ರನ್’ ಎಂಬ ಅಮೆರಿಕದ ಚಲನಚಿತ್ರ ಅವರಿಗೆ ಪ್ರೇರಣೆಯಾಯಿತು. ದೃಶ್ಯಸಾಮಗ್ರಿಗಾಗಿ ಅವರು ಯೂರೋಪಿನಲ್ಲಿ ಕಾರಿನಲ್ಲಿಯೇ ಸಂಚಾರ ಮಾಡಿದರು.

ಆಟದ ರಚನೆ ಸರಳವಾದುದು. ಕೆಂಪು ಬಣ್ಣದ ತೆರೆದ ಕಾರೊಂದು ಕಡಲತೀರದಿಂದ ಹೊರಡುತ್ತದೆ. ಪ್ರತಿಯೊಂದು ಹಂತದ ಕೊನೆಯಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ಎಡದ ದಾರಿ ಸಾಮಾನ್ಯವಾಗಿ ಸುಲಭ, ಬಲದ ದಾರಿ ಕಠಿನ. ಒಂದು, ಎರಡು, ಮೂರು, ನಾಲ್ಕು, ಐದು ಎಂದು ಪಿರಮಿಡ್ಡಿನಂತೆ ಹರಡುವ ಹಂತಗಳು ಒಟ್ಟು ೧೫. ಒಮ್ಮೆ ಆಡುವವನು ಕಾಣುವುದು ೫ ಹಂತಗಳನ್ನು ಮಾತ್ರ. ನಾಲ್ಕು ಕವಲುಗಳಿರುವುದರಿಂದ ಸಾಗಬಹುದಾದ ದಾರಿಗಳು ೧೬. ಕೊನೆಯ ಗುರಿಗಳು ೫. ಮರುಭೂಮಿ, ಆಲ್ಪ್ಸ್ ಪರ್ವತ, ಗೋಧಿಯ ಹೊಲ, ದ್ರಾಕ್ಷಿಯ ತೋಟ, ಹಳೆಯ ರಾಜಧಾನಿ, ಸರೋವರದ ದಂಡೆ ಇವೆಲ್ಲವೂ ಒಂದರ ಬೆನ್ನಿಗೊಂದು ತಡೆಯಿಲ್ಲದೆ ಬರುತ್ತವೆ. ಕಾರಿಗಿರುವುದು ಎರಡೇ ಗೇರು. ಪರಮವೇಗ ಗಂಟೆಗೆ ೨೯೩ ಕಿಲೋಮೀಟರು.

ಈ ಕೃತಿಯನ್ನು ಜನ ‘ಕಾರ್ ರೇಸ್’ ಎಂದು ಕರೆಯುವುದು ವಾಡಿಕೆಯಾದರೂ ಇದರಲ್ಲಿ ಪಂದ್ಯವೇ ಇಲ್ಲ. ದಾರಿಯಲ್ಲಿ ಎದುರಾಗುವ ವಾಹನಗಳು ಪ್ರತಿಸ್ಪರ್ಧಿಗಳಲ್ಲ, ಕೇವಲ ಅಡ್ಡಿಗಳು. ಎದುರಾಳಿ ಒಬ್ಬನೇ, ಅವನು ಕಾಲ. ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತ ಹೋಗುತ್ತವೆ; ಮುಂದಿನ ಹಂತದ ಗಡಿ ಮುಟ್ಟಿದರೆ ಮತ್ತಷ್ಟು ಕಾಲ ದೊರೆಯುತ್ತದೆ. ಹೊರಡುವುದಕ್ಕೆ ಮುಂಚೆ ಕಾರಿನ ರೇಡಿಯೋವಿನಲ್ಲಿ ಮೂರು ರಾಗಗಳ ಪೈಕಿ ಒಂದನ್ನು ಆಡುವವನೇ ಆರಿಸಿಕೊಳ್ಳಬೇಕು. ಗೆಲವಿಗಿಂತ ಪ್ರಯಾಣದ ಸುಖವನ್ನು ಮುಂದಿಟ್ಟುದೇ ಈ ಆಟದ ಹಿರಿಮೆ. ಅಂದಿನ ಯಂತ್ರಕ್ಕೆ ಘನಾಕೃತಿಗಳನ್ನು ರಚಿಸುವ ಶಕ್ತಿಯಿರಲಿಲ್ಲ. ಮರ, ಫಲಕ, ಬಂಡೆಗಳ ಚಪ್ಪಟೆ ಚಿತ್ರಗಳನ್ನು ಅತಿ ಶೀಘ್ರವಾಗಿ ಹಿಗ್ಗಿಸುತ್ತ ಹೋಗುವುದರಿಂದ ಅವು ಹತ್ತಿರ ಬರುತ್ತಿರುವಂತೆ ಭ್ರಮೆ ಹುಟ್ಟುತ್ತದೆ. ಬೊಂಬೆಯಾಟದ ಪರದೆಯಲ್ಲಿ ತೊಗಲುಬೊಂಬೆಯನ್ನು ದೀಪದ ಕಡೆಗೆ ಸರಿಸಿದರೆ ನೆರಳು ದೊಡ್ಡದಾಗುವುದನ್ನು ಬಲ್ಲ ನಮ್ಮ ಜನಕ್ಕೆ ಈ ತಂತ್ರ ಅಪರಿಚಿತವಾಗಲಾರದು.

ಐತಿಹಾಸಿಕ ದೃಷ್ಟಿಯಿಂದಲೂ ಇದು ಗಮನಾರ್ಹವಾದ ದಾಖಲೆ. ಜಪಾನಿನ ಆರ್ಥಿಕ ಉಬ್ಬರದ ವರ್ಷಗಳಲ್ಲಿ ಆ ದೇಶದ ಯುವಜನ ಕಂಡ ವಿರಾಮದ ಕನಸು ಇಲ್ಲಿದೆ. ಯೂರೋಪು ಇಲ್ಲಿ ಭೂಗೋಳವಲ್ಲ, ಒಂದು ಚಿತ್ರಮಾಲೆ. ತೆಂಗಿನ ಮರಗಳ ಕಡಲತೀರದಿಂದ ಹೊರಟವನು ಕೆಲವೇ ನಿಮಿಷಗಳಲ್ಲಿ ಆಲ್ಪ್ಸನ್ನು ತಲುಪುತ್ತಾನೆ. ಪಕ್ಕದಲ್ಲಿ ಕುಳಿತ ಹೊಂಗೂದಲಿನ ಹೆಣ್ಣು ಕಾರಿನಷ್ಟೇ ಅಲಂಕಾರದ ವಸ್ತು. ಅವಳ ಕೈಗೆ ಸ್ಟಿಯರಿಂಗ್ ಎಂದಿಗೂ ಬರುವುದಿಲ್ಲ. ಇದು ಕೃತಿಯ ದೋಷವೆನ್ನುವವರೊಡನೆ ನನ್ನ ವಿವಾದವಿಲ್ಲ. ಆದರೆ ದೋಷವೂ ಕಾಲದ ಸಾಕ್ಷ್ಯವೇ. ಅದನ್ನು ಅಳಿಸಿದರೆ ೧೯೮೬ರ ಮನಸ್ಸನ್ನು ಅರಿಯುವ ಒಂದು ದಾರಿಯನ್ನು ಮುಚ್ಚಿದಂತಾಗುತ್ತದೆ.

೩

ಮೂಲಪಾಠ ಎಂಬುದು ಒಂದೇ ಎಂದು ಭಾವಿಸುವುದು ತಪ್ಪು. ೧೯೮೬ರಲ್ಲಿಯೇ ಈ ಆಟ ನಿಂತು ಆಡುವ ಯಂತ್ರವಾಗಿಯೂ, ಕುಳಿತು ಆಡುವ ಯಂತ್ರವಾಗಿಯೂ, ಆಸನವೇ ತಿರುವಿಗೆ ತಕ್ಕಂತೆ ಓಲಾಡುವ ದೊಡ್ಡ ಯಂತ್ರವಾಗಿಯೂ ಬಂದಿತು. ಜಪಾನಿನ ಪಾಠದಲ್ಲಿಯೂ ಹೊರದೇಶಗಳಿಗೆ ಕಳುಹಿದ ಪಾಠದಲ್ಲಿಯೂ ಹಂತಗಳ ಅನುಕ್ರಮ ಕೆಲವೆಡೆ ಬೇರೆಯಾಗಿದೆ. ಅನಂತರ ಮನೆಯ ಯಂತ್ರಗಳಿಗೆ ಇಳಿಸಿದ ಪ್ರತಿಗಳು ಬಂದುವು: ೧೯೮೭ರಲ್ಲಿ ಸೆಗಾದ ಮಾಸ್ಟರ್ ಸಿಸ್ಟಮ್ಮಿಗೆ, ೧೯೯೧ರಲ್ಲಿ ಮೆಗಾ ಡ್ರೈವಿಗೆ, ೧೯೯೬ರಲ್ಲಿ ಸ್ಯಾಟರ್ನಿಗೆ. ಶಕ್ತಿ ಕಡಿಮೆಯಿದ್ದ ಯಂತ್ರಗಳಲ್ಲಿ ಚಿತ್ರಗಳು ಕುಗ್ಗಿದುವು, ಚಲನೆ ಕುಂಟಿತು. ೨೦೦೪ರಲ್ಲಿ ಪ್ಲೇಸ್ಟೇಷನ್ ೨ಕ್ಕೆ ಬಂದ ಆವೃತ್ತಿಯಲ್ಲಿ ಹಳೆಯ ಚಪ್ಪಟೆ ಚಿತ್ರಗಳನ್ನು ಪೂರ್ತಿಯಾಗಿ ತೆಗೆದು ಘನಾಕೃತಿಗಳನ್ನು ಕೂಡಿಸಿದರು. ಇದನ್ನು ಸಂಪಾದನೆಯೆಂದು ಕರೆಯಲಾಗದು. ಹಳಗನ್ನಡ ಕಾವ್ಯವನ್ನು ಹೊಸಗನ್ನಡದ ಗದ್ಯಕ್ಕೆ ತಿರುಗಿಸಿದಂತೆ, ಅದು ಬೇರೊಂದು ಕೃತಿ.

ನಮ್ಮ ವಿಮರ್ಶೆಗೆ ಮುಖ್ಯವಾದುವು ಇದರ ಮುಂದಿನ ಎರಡು ಪ್ರಕಟಣೆಗಳು. ಎಂ ಟೂ ಎಂಬ ಜಪಾನೀ ಸಂಸ್ಥೆ ೨೦೧೪ರಲ್ಲಿ ನಿಂಟೆಂಡೋ ೩ಡಿಎಸ್ ಯಂತ್ರಕ್ಕೆ ಒಂದನ್ನೂ, ೨೦೧೮ರ ನವೆಂಬರಿನಲ್ಲಿ ನಿಂಟೆಂಡೋ ಸ್ವಿಚ್ ಯಂತ್ರಕ್ಕೆ ‘ಸೆಗಾ ಏಜಸ್’ ಮಾಲೆಯಲ್ಲಿ ಇನ್ನೊಂದನ್ನೂ ಸಿದ್ಧಪಡಿಸಿತು. ಎರಡನೆಯದು ೨೦೧೯ರ ಜನವರಿಯಲ್ಲಿ ಪಾಶ್ಚಾತ್ಯ ದೇಶಗಳಿಗೂ ಬಂದಿತು. ೧೯೮೬ರ ಕೃತಿ ನನಗೆ ದೊರೆತುದು ಈ ಪುನಃಪ್ರಕಟಣೆಯ ಮೂಲಕವೇ. ಪಂಪನನ್ನು ನಾವೆಲ್ಲರೂ ಅಚ್ಚಿನ ಪುಸ್ತಕದಲ್ಲಿ ಓದಿದವರೇ ಹೊರತು ಓಲೆಗರಿಯಲ್ಲಿ ಓದಿದವರಲ್ಲ. ಆದುದರಿಂದಲೇ ಸಂಪಾದಕನು ಏನು ಮಾಡಿದನೆಂಬುದನ್ನು ನಾವು ಕೇಳಲೇಬೇಕು.

೪

ಪರಿಷ್ಕರಣದ ಅಂಶಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಚಲನೆಯ ನಯ. ಮೂಲದಲ್ಲಿ ಚಿತ್ರ ಸೆಕೆಂಡಿಗೆ ೩೦ ಬಾರಿ ಹೊಸದಾಗುತ್ತಿದ್ದಿತು. ಪರಿಷ್ಕೃತ ಪಾಠದಲ್ಲಿ ೬೦ ಬಾರಿ. ಇದು ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸುವ ಕೆಲಸವಲ್ಲ. ಎರಡು ಚಿತ್ರಗಳ ನಡುವೆ ಕಾರು, ದಾರಿ, ಮರಗಳು ಎಲ್ಲಿರಬೇಕೆಂಬುದನ್ನು ಹೊಸದಾಗಿ ಲೆಕ್ಕಹಾಕಬೇಕು. ದೂರ, ವೇಗ, ಕಾಲಗಳ ಅನುಪಾತ ಕೆಡದಂತೆ ಇದನ್ನು ಸಾಧಿಸಿರುವುದು ಪ್ರಶಂಸನೀಯ. ಸಂದಿಗ್ಧವಾದ ಓಲೆಯನ್ನು ಸ್ಫುಟವಾದ ಅಚ್ಚಿನಲ್ಲಿ ಕೊಟ್ಟಂತೆ ಇದು ಓದನ್ನು ಸುಗಮಗೊಳಿಸುತ್ತದೆ, ಪಾಠವನ್ನು ತಿದ್ದುವುದಿಲ್ಲ.

ಎರಡನೆಯದು ಪರದೆಯ ಅಗಲ. ಹಳೆಯ ಪರದೆ ಹೆಚ್ಚುಕಡಿಮೆ ಚೌಕಾಕಾರ. ಇಂದಿನದು ೧೬ಕ್ಕೆ ೯ರ ಅನುಪಾತದ್ದು. ಅಗಲವನ್ನು ಹೆಚ್ಚಿಸಿದುದರಿಂದ ದಾರಿಯ ಎರಡು ಬದಿಗಳಲ್ಲಿ ಮೂಲದವನು ಕಾಣದಿದ್ದ ಭಾಗ ಕಾಣುತ್ತದೆ. ಇಲ್ಲಿ ನನಗೆ ಸ್ವಲ್ಪ ಸಂಕೋಚವಿದೆ. ತಿರುವಿನಲ್ಲಿ ಮುಂದೇನಿದೆಯೆಂಬುದು ಕಾಣದಿರುವುದೇ ಈ ಆಟದ ಆತಂಕದ ಒಂದು ಪಾಲು. ಕಿಟಕಿ ದೊಡ್ಡದಾದರೆ ಆತಂಕ ಅಷ್ಟು ಸಡಿಲವಾಗುತ್ತದೆ. ಹೀಗಿದ್ದರೂ ಇದನ್ನು ದೊಡ್ಡ ದೋಷವೆನ್ನಲಾರೆ.

ಮೂರನೆಯದು ಯಂತ್ರದ ಆವರಣ. ೩ಡಿಎಸ್ ಪಾಠದಲ್ಲಿ ಹಳೆಯ ಪೆಟ್ಟಿಗೆಯ ಅಂಚನ್ನು ಪರದೆಯ ಸುತ್ತ ತೋರಿಸಿ, ತಿರುವಿನಲ್ಲಿ ಚಿತ್ರವನ್ನೇ ಓಲಾಡಿಸಿ, ಯಂತ್ರದ ಸದ್ದನ್ನೂ ಕೇಳಿಸುವ ಏರ್ಪಾಡಿದೆ. ಓಲೆಗರಿಯ ಛಾಯಾಚಿತ್ರವನ್ನು ಗ್ರಂಥದ ಮೊದಲಲ್ಲಿ ಕೊಡುವ ಸಂಪಾದಕನ ಸದುದ್ದೇಶ ಇದರಲ್ಲಿ ಕಾಣುತ್ತದೆ. ಆದರೆ ಛಾಯಾಚಿತ್ರದಲ್ಲಿ ಓಲೆಯ ವಾಸನೆ ಬರುವುದಿಲ್ಲ. ಡಿಕ್ಕಿಯಾದಾಗ ಅಂಗೈಯಲ್ಲಿ ನಡುಗುತ್ತಿದ್ದ ಚಕ್ರವನ್ನೂ ಮೈಯನ್ನು ಎಳೆಯುತ್ತಿದ್ದ ಆಸನವನ್ನೂ ಅಂಗೈಯಗಲದ ಯಂತ್ರ ಕೊಡಲಾರದು. ಮೂಲಕೃತಿಯ ಅರ್ಧ ಪರದೆಯಲ್ಲಿತ್ತು, ಇನ್ನರ್ಧ ಆಡುವವನ ದೇಹದಲ್ಲಿತ್ತು. ಪ್ರಕಟಣೆ ಉಳಿಸಿರುವುದು ಮೊದಲನೆಯ ಅರ್ಧವನ್ನು.

ನಾಲ್ಕನೆಯದು ಸಂಗೀತ. ಕವಾಗುಚಿಯವರ ಮೂರು ರಾಗಗಳನ್ನು ಹಾಗೆಯೇ ಇರಿಸಿ, ೨೦೧೪ರಲ್ಲಿ ಇಬ್ಬರು ಹೊಸ ಸಂಗೀತಗಾರರಿಂದ ಎರಡು ರಾಗಗಳನ್ನು ಬರೆಯಿಸಿ ಸೇರಿಸಿದರು. ೨೦೧೮ರಲ್ಲಿ ಇನ್ನೂ ಹಲವನ್ನು ಕೂಡಿಸಿದರು. ಮೂಲವನ್ನು ಮುಟ್ಟದೆ ಹೊಸದನ್ನು ಬೇರೆಯಾಗಿ ಇಟ್ಟಿರುವುದರಿಂದ ಇದು ಅನುಬಂಧ, ಆಕ್ಷೇಪಕ್ಕೆ ಎಡೆಯಿಲ್ಲ.

ಐದನೆಯದು ಹೆಚ್ಚು ವಿಚಾರಾರ್ಹ. ಗುರಿಗಳನ್ನು ಮುಟ್ಟಿದಂತೆಲ್ಲ ಕಾರಿನ ಯಂತ್ರ, ಚಕ್ರ ಮೊದಲಾದುವನ್ನು ಬಲಪಡಿಸಿಕೊಳ್ಳುವ ಅವಕಾಶ ಪರಿಷ್ಕೃತ ಪಾಠದಲ್ಲಿದೆ. ಮೂಲದಲ್ಲಿ ಕಾರು ಎಂದಿಗೂ ಬದಲಾಗುತ್ತಿರಲಿಲ್ಲ, ಬದಲಾಗಬೇಕಾದವನು ಆಡುವವನು. ಹತ್ತು ಸಲ ಸೋತವನು ಹನ್ನೊಂದನೆಯ ಸಲ ಗೆದ್ದರೆ ಅದಕ್ಕೆ ಅವನ ಅಭ್ಯಾಸವೇ ಕಾರಣವಾಗಿದ್ದಿತು. ಕಾರನ್ನೇ ಬಲಪಡಿಸಿದರೆ ಆ ಗೆಲವಿನ ಅರ್ಥ ಬೇರೆಯಾಗುತ್ತದೆ. ಶಾಸ್ತ್ರದ ಮಾತಿನಲ್ಲಿ ಇದು ಪ್ರಕ್ಷೇಪ. ಆದರೆ ಬೇಡವೆನ್ನುವವನು ಇದನ್ನು ಬಿಟ್ಟು ಹಳೆಯ ಕಾರಿನಲ್ಲಿಯೇ ಸಾಗಬಹುದಾದುದರಿಂದ, ಪ್ರಕ್ಷಿಪ್ತ ಪದ್ಯಗಳನ್ನು ಕಂಸದಲ್ಲಿ ಕೊಟ್ಟ ಸಂಪಾದಕನನ್ನು ಕ್ಷಮಿಸುವಂತೆ ಇವರನ್ನೂ ಕ್ಷಮಿಸಬೇಕು.

೫

ಕ್ಷಮಿಸಲಾಗದುದು ಆರನೆಯ ಅಂಶ. ಅದು ಕಾರಿನ ರೂಪ. ೧೯೮೬ರ ಆಟದಲ್ಲಿದ್ದುದು ಇಟಲಿಯ ಫೆರಾರಿ ಸಂಸ್ಥೆಯ ಟೆಸ್ಟರೋಸಾ ಕಾರನ್ನು ಹೋಲುವ ವಾಹನ; ಅದಕ್ಕೆ ಅನುಮತಿ ಪಡೆದಿರಲಿಲ್ಲ. ಹಕ್ಕುಗಳ ವಿಷಯದಲ್ಲಿ ಜಗತ್ತು ಎಚ್ಚರಗೊಂಡಮೇಲೆ ಬಂದ ಈ ಪ್ರಕಟಣೆಗಳಲ್ಲಿ ಕಾರಿನ ಚಿತ್ರವನ್ನು ತಿದ್ದಿ, ಫೆರಾರಿಯನ್ನು ನೇರವಾಗಿ ನೆನಪಿಸುವ ಲಕ್ಷಣಗಳನ್ನು ತೆಗೆದರು. ಕಾನೂನು ಹಾಗೆ ಕಟ್ಟಿಹಾಕಿದಾಗ ಪ್ರಕಾಶಕನು ಬೇರೇನು ಮಾಡಬಲ್ಲನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನನ್ನ ಆಕ್ಷೇಪವಿರುವುದು ತಿದ್ದಿದುದಕ್ಕಿಂತ ಹೆಚ್ಚಾಗಿ, ತಿದ್ದಿದ ಭಾಗವನ್ನು ಆಟದೊಳಗೆ ಗುರುತಿಸಿ ತೋರಿಸದೆ ಇರುವುದರಲ್ಲಿ. ಸೇರಿಸಿದ ರಾಗಗಳನ್ನು ಹೊಸವೆಂದು ಹೇಳುವ ಪ್ರಕಟಣೆ, ತೆಗೆದುಹಾಕಿದ ಅಂಶವನ್ನು ಕುರಿತು ಮೌನವಾಗಿದೆ. ಮುಂದೆ ಐವತ್ತು ವರ್ಷಗಳಾದಮೇಲೆ ಇದೊಂದೇ ಪಾಠ ಉಳಿದರೆ, ಓದುಗನು ಈ ಕಾರನ್ನೇ ೧೯೮೬ರ ಕಾರೆಂದು ತಿಳಿಯುತ್ತಾನೆ. ದೇವಾಲಯದ ಕಂಬಕ್ಕೆ ಭಕ್ತಿಯಿಂದ ಎಣ್ಣೆಬಣ್ಣ ಬಳಿದು ಅಡಿಯ ಶಾಸನವನ್ನು ಮುಚ್ಚಿದವರನ್ನು ನಾವು ನಮ್ಮ ಜಿಲ್ಲೆಗಳಲ್ಲಿಯೇ ಕಂಡಿದ್ದೇವೆ. ಅವರ ಉದ್ದೇಶ ಕೆಟ್ಟದಲ್ಲ. ಪರಿಣಾಮ ಮಾತ್ರ ಅಳಿವು.

ಹಕ್ಕುಗಳ ಹಂಗು ಇದಕ್ಕಿಂತಲೂ ಘೋರವಾದ ಫಲವನ್ನು ಕೊಟ್ಟಿರುವುದೂ ಉಂಟು. ಇದೇ ಮಾಲೆಯ ‘ಔಟ್ ರನ್ ಆನ್‌ಲೈನ್ ಆರ್ಕೇಡ್’ ಫೆರಾರಿಯ ಅನುಮತಿಯನ್ನು ಪಡೆದು ೨೦೦೯ರಲ್ಲಿ ಹೊರಬಂದಿತು. ಆ ಅನುಮತಿಯ ಅವಧಿ ತೀರಿದುದರಿಂದ ೨೦೧೧ರ ಅಂತ್ಯದೊಳಗೆ ಎರಡು ಅಂಗಡಿಗಳಿಂದಲೂ ಕಾಣೆಯಾಯಿತು. ಅದು ಮುದ್ರಿತ ವಸ್ತುವಾಗಿರಲಿಲ್ಲ; ಆದುದರಿಂದ ಹಳೆಯ ಪುಸ್ತಕದಂಗಡಿಯಲ್ಲಿ ಹುಡುಕುವಂತೆಯೂ ಇಲ್ಲ. ಅನುಮತಿಯಿಲ್ಲದೆ ಮಾಡಿದ ಕೃತಿ ರೂಪಬದಲಾವಣೆಯಿಂದ ಉಳಿಯಿತು, ಅನುಮತಿ ಪಡೆದು ಮಾಡಿದ ಕೃತಿ ಅಳಿಯಿತು. ೨೦೨೩ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಮುಂಚೆ ಆ ದೇಶದಲ್ಲಿ ಪ್ರಕಟವಾದ ಇಂತಹ ಆಟಗಳಲ್ಲಿ ಶೇಕಡಾ ೮೭ರಷ್ಟು ಇಂದು ಮಾರಾಟದಲ್ಲಿ ಸಿಕ್ಕುವುದಿಲ್ಲ.

ಇದಕ್ಕೆ ಎದುರಾಗಿ, ಹವ್ಯಾಸಿಗಳ ಕೆಲಸವೊಂದನ್ನು ಇಲ್ಲಿ ಹೆಸರಿಸುವುದು ನ್ಯಾಯ. ೨೦೧೦ರ ದಶಕದ ಆದಿಯಲ್ಲಿ ‘ಕ್ಯಾನನ್‌ಬಾಲ್’ ಎಂಬ ಹೆಸರಿನಲ್ಲಿ, ಮೂಲ ಆಟದ ಯಂತ್ರಭಾಷೆಯನ್ನು ಸಾಲುಸಾಲಾಗಿ ಬಿಡಿಸಿ ಮತ್ತೆ ಬರೆದ ಪಾಠವೊಂದು ಎಲ್ಲರಿಗೂ ತೆರೆದು ದೊರೆಯಿತು. ಮೂಲದಲ್ಲಿದ್ದ ಕೆಲವು ದೋಷಗಳನ್ನು ಅದು ತಿದ್ದುತ್ತದೆ. ಆದರೆ ಅಗಲವಾದ ಪರದೆ, ನಯವಾದ ಚಲನೆ, ತಿದ್ದಿದ ದೋಷ ಇವನ್ನೆಲ್ಲ ಆಡುವವನ ಇಚ್ಛೆಗೆ ಬಿಡುತ್ತದೆ. ಬದಲಾವಣೆಯ ಪ್ರತಿಯೊಂದು ಸಾಲನ್ನೂ ಬಲ್ಲವನು ಪರೀಕ್ಷಿಸಿ ನೋಡಬಹುದು. ಸೌಂದರ್ಯದಲ್ಲಿ ಎಂ ಟೂ ಸಂಸ್ಥೆಯ ಪ್ರಕಟಣೆ ಮೇಲು. ಸಂಪಾದಕನ ಪ್ರಾಮಾಣಿಕತೆಯಲ್ಲಿ ಈ ಹವ್ಯಾಸಿಯ ಕೆಲಸ ಮೇಲೆಂದು ನನ್ನ ಮತ.

೬

ಇದೆಲ್ಲ ಜಪಾನಿನ ಮಾತಾಯಿತು, ಬಳಗಾನೂರಿಗೂ ಸಿಂಧನೂರಿಗೂ ಇದರಿಂದೇನು ಎಂದು ಕೇಳುವವರಿರಬಹುದು. ನನ್ನ ತಲೆಮಾರಿನವರಿಗೆ ಕಾರಿನ ಆಟ ಪರಿಚಯವಾದುದು ‘ಔಟ್ ರನ್’ನಿಂದಲ್ಲ; ಟಿ.ವಿ.ಗೆ ತಗುಲಿಸುವ ಅಗ್ಗದ ಪೆಟ್ಟಿಗೆ, ಅದಕ್ಕೆ ಸಿಕ್ಕಿಸುವ ಹಳದಿಯ ‘ಕ್ಯಾಸೆಟ್ಟು’, ಅದರೊಳಗಿನ ‘ರೋಡ್ ಫೈಟರ್’ ಇವುಗಳಿಂದ. ಕೊನಾಮಿ ಸಂಸ್ಥೆಯ ಆ ಆಟ ೧೯೮೪ರದು. ನಮ್ಮಲ್ಲಿಗೆ ೧೯೯೦ರ ದಶಕದಲ್ಲಿ ಬಂದ ಪ್ರತಿಗಳು ಹೆಚ್ಚಾಗಿ ಅನುಮತಿಯಿಲ್ಲದ ನಕಲುಗಳು. ಎಷ್ಟೋ ನಕಲುಗಳಲ್ಲಿ ತಯಾರಕರ ಹೆಸರನ್ನೇ ಅಳಿಸಿದ್ದರು. ನೂರಾರು ಆಟಗಳಿವೆಯೆಂದು ಮೇಲೆ ಬರೆದು, ಒಳಗೆ ಹತ್ತಿಪ್ಪತ್ತನ್ನೇ ಹೆಸರು ಬದಲಿಸಿ ತಿರುತಿರುಗಿ ತುಂಬಿದ್ದರು. ಬೇಸಗೆಯ ರಜೆಯಲ್ಲಿ ಕರೆಂಟು ಇರುವಷ್ಟು ಹೊತ್ತು ಓಣಿಯ ಹುಡುಗರೆಲ್ಲ ಸರದಿಯ ಮೇಲೆ ಆಡಿದ ಆ ಕೃತಿಯ ಕರ್ತೃ ಯಾರೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಲಿಪಿಕಾರನು ಕವಿಯ ಹೆಸರನ್ನೇ ಬಿಟ್ಟು ಪ್ರತಿಮಾಡಿದ ಕಾವ್ಯದಂತೆ ಅದು ನಮ್ಮನ್ನು ಮುಟ್ಟಿತು. ಆದರೂ ಮುಟ್ಟಿತು ಎಂಬುದನ್ನು ಮರೆಯಬಾರದು. ಕೆಟ್ಟ ಪ್ರತಿಯೂ ಪರಂಪರೆಯ ಒಂದು ಕೊಂಡಿಯೇ.

ಇನ್ನೊಂದು ಸಂಗತಿ ನಮಗೆ ಮತ್ತೂ ಹತ್ತಿರದ್ದು. ೧೯೯೭ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆ ನಮ್ಮ ದೇಶದ ಮೊದಮೊದಲ ಆಟ ತಯಾರಕ ಸಂಸ್ಥೆಗಳಲ್ಲಿ ಒಂದು. ಮೈಕ್ರೋಸಾಫ್ಟಿನ ‘ಫೋರ್ಜಾ’ ಎಂಬ ಪ್ರಸಿದ್ಧ ಕಾರಿನ ಆಟಗಳ ಮಾಲೆಗೆ ಕಾರುಗಳ ರೂಪವನ್ನು ರಚಿಸಿಕೊಟ್ಟವರಲ್ಲಿ ಅದರ ಕಲಾವಿದರೂ ಇದ್ದರು. ೨೦೧೯ರಲ್ಲಿ ಆ ಸಂಸ್ಥೆ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ಫೋರ್ಜಾ ಮಾಲೆಯ ಹಳೆಯ ಆಟಗಳಾದರೋ ಕಾರುಗಳ ಹಾಗೂ ಸಂಗೀತದ ಅನುಮತಿಗಳು ತೀರಿದಂತೆಲ್ಲ ಮಾರಾಟದಿಂದ ಹೊರಗಾಗುತ್ತಿವೆ; ‘ಫೋರ್ಜಾ ಹೊರೈಜನ್ ೪’ ೨೦೨೪ರ ಡಿಸೆಂಬರಿನಲ್ಲಿ ಹಾಗೆ ಹೊರಗಾಯಿತು. ಕನ್ನಡನಾಡಿನಲ್ಲಿ ಕುಳಿತು ಈ ಮಾಲೆಗೆ ದುಡಿದವರ ಕೆಲಸ ಮುಂದಿನವರ ಕಣ್ಣಿಗೆ ಬೀಳಬೇಕೋ ಬೇಡವೋ ಎಂಬುದನ್ನು ದೂರದ ಒಂದು ಕರಾರುಪತ್ರ ತೀರ್ಮಾನಿಸುತ್ತಿದೆ. ಶಿಲ್ಪಿಯ ಹೆಸರನ್ನು ಕಲ್ಲಿನ ಮೂಲೆಯಲ್ಲಿ ಕೊರೆಯುತ್ತಿದ್ದ ನಾಡಿನಲ್ಲಿ ಇದು ಯೋಚಿಸಬೇಕಾದ ಮಾತು.

೭

ಈ ಪರಿಶೀಲನೆಯಿಂದ ಹೊರಡುವ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳಬಹುದು. ‘ಔಟ್ ರನ್’ನ ಪರಿಷ್ಕೃತ ಪ್ರಕಟಣೆ ಒಟ್ಟಿನಲ್ಲಿ ಶ್ಲಾಘ್ಯವಾದ ಕೆಲಸ. ಮೂಲದ ಗತಿ, ಲಯ, ಕವಲುದಾರಿಗಳ ರಚನೆ, ಸಂಗೀತ ಇವನ್ನು ಅದು ಪ್ರೀತಿಯಿಂದಲೂ ವಿದ್ವತ್ತಿನಿಂದಲೂ ಕಾಪಾಡಿದೆ. ಸೇರಿಸಿದುದನ್ನು ಬಹುಮಟ್ಟಿಗೆ ಬೇರೆಯಾಗಿಯೇ ಇಟ್ಟಿದೆ. ಆದರೆ ತೆಗೆದುದನ್ನು ಗುರುತಿಸದಿರುವುದರಿಂದ ಸಂಪಾದನೆಯ ಹೆಸರಿಗೆ ಪೂರ್ಣವಾಗಿ ಅರ್ಹವಾಗುವುದಿಲ್ಲ. ಸಂಪಾದಕನು ಏನನ್ನಾದರೂ ಬಿಡಬಹುದು. ಬಿಟ್ಟಿದ್ದೇನೆಂದು ಹೇಳದಿರುವ ಹಕ್ಕು ಅವನಿಗಿಲ್ಲ. ಇಂತಹ ಪ್ರತಿಯೊಂದು ಪ್ರಕಟಣೆಯೂ ಪಾಠಾಂತರಗಳ ಪಟ್ಟಿಯೊಂದನ್ನು ಜೊತೆಗಿಟ್ಟುಕೊಂಡು ಬರಬೇಕು.

ನಮ್ಮ ಪಾಲಿಗೂ ಒಂದು ಕರ್ತವ್ಯ ಉಳಿದಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂತಹ ಊರುಗಳಲ್ಲಿ ಈ ಆಟಗಳು ಯಾವ ದಾರಿಯಿಂದ ಬಂದುವು, ಯಾರು ಆಡಿಸಿದರು, ಗಂಟೆಗೆ ಎಷ್ಟು ಕೊಟ್ಟು ಆಡಿದರು, ಹುಡುಗಿಯರಿಗೆ ಸರದಿ ಸಿಕ್ಕುತ್ತಿದ್ದಿತೇ ಎಂಬುದನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಪದವಿ ತರಗತಿಯ ವಿದ್ಯಾರ್ಥಿಗಳು ತಮ್ಮ ತಮ್ಮ ಓಣಿಯಲ್ಲಿ ವಿಚಾರಿಸಿ ಬರೆದಿಟ್ಟರೆ, ಅಟ್ಟದ ಮೇಲೆ ಬಿದ್ದಿರುವ ಹಳೆಯ ಪೆಟ್ಟಿಗೆಗಳನ್ನೂ ಕ್ಯಾಸೆಟ್ಟುಗಳನ್ನೂ ಒಂದೆಡೆ ಕೂಡಿಸಿದರೆ, ಅದು ಈ ಭಾಗದ ಸಾಮಾಜಿಕ ಇತಿಹಾಸಕ್ಕೆ ಉಪಯುಕ್ತ ಸಾಮಗ್ರಿಯಾಗುವುದು. ಈ ಕೆಲಸಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಮನಸ್ಸು ಬೇಕು.

ಆ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಹೊಸದು ಚೆನ್ನಾಗಿದೆಯೆಂದು ತಿಳಿಯುವುದಕ್ಕಾದರೂ ಹಳೆಯದು ಇರಬೇಕು. ಮಸ್ಕಿಯ ಬಂಡೆಯ ಅಕ್ಷರಗಳನ್ನು ಅಂದವಾಗಲೆಂದು ಯಾರಾದರೂ ಮತ್ತೆ ಕೊರೆದು ತಿದ್ದಿದ್ದರೆ, ಆ ತಿದ್ದುಪಡಿಯಲ್ಲಿ ‘ಅಶೋಕ’ ಎಂಬ ಮೂರಕ್ಷರ ಉಳಿಯುತ್ತಿದ್ದಿತೆಂದು ಹೇಳುವ ಧೈರ್ಯ ನನಗಿಲ್ಲ.